ಬಸ್‌ಸ್ಟ್ಯಾಂಡ್ ಪಟ್ಟಿನಲ್ಲಿ ಆರು ತಿಂಗಳು

ಕ್ಷಯ. ಟಿ.ಬಿ. ಹೇಳಿಬಿಟ್ಟೆ ನೋಡಿ. ನಮ್ಮ ಕಡೆ ಈ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, “ಆ ಕಾಯ್ಲ” ಎಂದು ಗಂಟಲೊಳಗೇ ಅಂದು ಸುಮ್ಮನಾಗುತ್ತಾರೆ. ನಾನೂ ಸುಮ್ಮನಿದ್ದವಳೇ. ಆ ಸುಮ್ಮನಿದ್ದದ್ದರ ಕಥೆಯೂ ಇದರಲ್ಲಿದೆ. ಈಗ ಮಾತ್ರೆ ಮುಗಿದಿದೆ, ಕಫದಲ್ಲಿ ಏನೂ ಇಲ್ಲ ಎಂದು ಚೀಟಿ ಕೊಟ್ಟಿದ್ದಾರೆ. ಆದರೂ ಬರೆಯುತ್ತಿರುವುದು ಯಾಕೆಂದರೆ, ಆಸ್ಪತ್ರೆಯ ಬೆಂಚಿನ ಮೇಲೆ ವೇಲನ್ನು ಮೂಗಿನವರೆಗೆ ಎಳೆದುಕೊಂಡು, ಗುರುತಿನವರು ಯಾರಾದರೂ ಬಂದುಬಿಟ್ಟಾರೇನೋ ಎಂದು ಬಾಗಿಲನ್ನೇ ನೋಡುತ್ತ ಕೂತವಳು ನಾನೊಬ್ಬಳೇ ಅಲ್ಲ. ಅಲ್ಲಿ ಈಗಲೂ ಯಾರೋ ಕೂತಿರುತ್ತಾರೆ. ಇದು ಅವರಿಗೆ.

ನನ್ನ ಹೆಸರು ನಾಗಮಣಿ. ತವರು ಯಳಂದೂರು ತಾಲ್ಲೂಕಿನ ಮಾಂಬಳ್ಳಿ, ಕೊಟ್ಟಿದ್ದು ಕೊಳ್ಳೇಗಾಲಕ್ಕೆ. ನನ್ನ ಗಂಡ ಸಿದ್ದರಾಜು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಸಣ್ಣ ಘಟಕ ಇಟ್ಟುಕೊಂಡಿದ್ದಾರೆ. ಮನೆಯ ಹಿಂದೆಯೇ ಶೆಡ್ಡು, ಒಲೆ, ಹಬೆ, ವಾಸನೆ. ಮನೆಯಲ್ಲಿ ಮೂರೇ ಜನ, ನಾವಿಬ್ಬರು ಮತ್ತು ನಮ್ಮತ್ತೆ ಗೌರಮ್ಮ. ಮಕ್ಕಳಿಲ್ಲ. ಅದರ ಕಥೆ ಬೇರೆ, ಇಲ್ಲಿ ಬೇಡ. ನನಗೆ ಮೂವತ್ತೇಳು ವರ್ಷ. ಬಾಯಿ ಜೋರು, ತಾಳ್ಮೆ ಕಮ್ಮಿ. ಇದು ನಾನು ಹೇಳುತ್ತಿರುವುದಲ್ಲ, ಮದುವೆಯಾದ ವರ್ಷವೇ ಅತ್ತೆ ಕೊಟ್ಟ ಸರ್ಟಿಫಿಕೇಟು.

ಮೂರು ವರ್ಷದಿಂದ ನಾನು ಜುಜಿತ್ಸು ಆಡುತ್ತೇನೆ. ನಗುವವರು ನಕ್ಕು ಮುಗಿಸಿ. ಬ್ರೆಜಿಲ್ ದೇಶದ ನೆಲದ ಕುಸ್ತಿ ಅದು. ನಮ್ಮ ಮೇಷ್ಟ್ರು ಮಹದೇವಸ್ವಾಮಿ ಚಿಕ್ಕಂದಿನಲ್ಲಿ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿದವರು. ಸೈನ್ಯದಲ್ಲಿದ್ದಾಗ ಇದನ್ನು ಕಲಿತು ಬಂದು, ಮಗ್ಗ ನಿಂತುಹೋಗಿದ್ದ ಒಂದು ಶೆಡ್ಡಿನಲ್ಲಿ ಮ್ಯಾಟು ಹಾಸಿದರು. ಬೆನ್ನುನೋವಿಗೆ ವ್ಯಾಯಾಮ ಹೇಳಿಕೊಡುತ್ತಾರಂತೆ ಎಂದು ಹೋದವಳು ನಾನು. ಎರಡನೇ ದಿನಕ್ಕೇ ಒಬ್ಬರನ್ನು ಕೆಡವಿದ ಖುಷಿ ತಲೆಗೇರಿ ಅಲ್ಲೇ ಉಳಿದೆ. “ಸೊಸ ಕುಸ್ತಿಗ ಓಯ್ತಾಳ ಅಂದ್ರ ಜನ ಏನಂದಾರು?” ಎಂದು ಅತ್ತೆ ಎರಡು ತಿಂಗಳು ಮಾತು ಬಿಟ್ಟರು. ನಿಜ ಹೇಳಬೇಕೆಂದರೆ ಆ ಎರಡು ತಿಂಗಳು ಹಾಯಾಗಿಯೇ ಇತ್ತು.

ಅಲ್ಲಿ ಹೆಂಗಸರು ನಾವಿಬ್ಬರೇ. ಇನ್ನೊಬ್ಬಳು ಸೆಲ್ವಿ. ಹನೂರಿನಾಚೆ, ತಮಿಳುನಾಡಿನ ಗಡಿಯ ಹಳ್ಳಿಯವಳು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು, ಕೊಳ್ಳೇಗಾಲ ಹನೂರು ರೂಟು. ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ರೋಡಿನಲ್ಲಿರುವುದೇ ಹೆಚ್ಚು. ಅವಳಿಗೊಬ್ಬಳು ಮಗಳು ಮಲರ್, ಇನ್ನೂ ಎರಡು ತುಂಬಿರಲಿಲ್ಲ. ಸೆಲ್ವಿ ಮ್ಯಾಟಿನ ಮೇಲಿರುವಾಗ ಮಗು ಮೂಲೆಯ ಚಾಪೆಯಲ್ಲಿ ಆಡಿಕೊಂಡಿರುತ್ತಿತ್ತು. ನಾನು ಇಳಿದ ಕೂಡಲೇ ಬಂದು ಸೊಂಟ ಏರಿ, ತಮಿಳಿನಲ್ಲಿ “ಅತ್ತೈ” ಎಂದು ನನ್ನ ಕೆನ್ನೆಗೆ ಕೆನ್ನೆ ಒತ್ತುತ್ತಿತ್ತು. ಎಷ್ಟೋ ದಿನ ಮೈ ನೋಯುತ್ತಿದ್ದರೂ ಆ ಒಂದು ಕೆನ್ನೆಗಾಗಿಯೇ ನಾನು ಅಲ್ಲಿಗೆ ಹೋಗಿದ್ದೇನೆ.

ಈ ಆಟದಲ್ಲಿ ಕೆಳಗೆ ಬಿದ್ದವರು ಸೋತಂತಲ್ಲ. ಅವರು ಅಂಗಾತ ಮಲಗಿ ಎರಡೂ ಕಾಲುಗಳನ್ನು ಬೇಲಿಯ ಹಾಗೆ ಅಡ್ಡ ಒಡ್ಡಿರುತ್ತಾರೆ. ಮೇಲಿನವರು ಆ ಬೇಲಿ ದಾಟಿ ಎದೆಯ ಪಕ್ಕಕ್ಕೆ ಸೇರಬೇಕು. ದಾಟುವ ಮುಂಚೆ ಕೂರುವ ಪಟ್ಟೊಂದಿದೆ. ಕೆಳಗಿನವಳ ಒಂದು ಕಾಲು ನನ್ನೆರಡು ಕಾಲುಗಳ ಸಂದಿಯಲ್ಲಿ ಸಿಕ್ಕಿರುತ್ತದೆ, ನನ್ನ ಮೊಣಕಾಲು ಅವಳ ತೊಡೆಯನ್ನು ಅದುಮಿರುತ್ತದೆ, ಕೈ ಅವಳ ಇನ್ನೊಂದು ಮೊಣಕಾಲಿನ ಮೇಲೆ. ಅಷ್ಟೇ. ಅಲ್ಲಿಂದ ಎಡಕ್ಕೂ ಹೋಗಬಹುದು, ಬಲಕ್ಕೂ ಹೋಗಬಹುದು, ನಡುವೆ ನುಗ್ಗಲೂಬಹುದು. ಇಂಗ್ಲಿಷಿನವರು ಅದಕ್ಕೆ ಹೆಡ್‌ಕ್ವಾರ್ಟರ್ಸ್ ಎನ್ನುತ್ತಾರೆ. ಮೇಷ್ಟ್ರು ಆ ಹೆಸರು ಹೇಳಿದ ದಿನವೇ ಸೆಲ್ವಿ, “ಇದು ನಮ್ಮ ಕೊಳ್ಳೇಗಾಲ ಬಸ್‌ಸ್ಟ್ಯಾಂಡು ಕಣ್ ಸಾ. ಇಲ್ ಕುಂತ್ರ ಮೈಸೂರ್ಗೂ ಬಸ್ಸದ, ಹನೂರ್ಗೂ ಬಸ್ಸದ, ಯಳಂದೂರ್ಗೂ ಬಸ್ಸದ” ಅಂದಳು. ಅವತ್ತಿನಿಂದ ನಮ್ಮಲ್ಲಿ ಅದಕ್ಕೆ ಬಸ್‌ಸ್ಟ್ಯಾಂಡ್ ಪಟ್ಟು ಎಂದೇ ಹೆಸರು.

ನನಗೆ ಒಗ್ಗದ ಪಟ್ಟು ಅದು. ಕೂತಲ್ಲಿ ಕೂರಲಾಗದು, ದಾಟಬೇಕು, ಈಗಲೇ ದಾಟಬೇಕು. ದುಡುಕಿದಾಗೆಲ್ಲ ಸೆಲ್ವಿ ನನ್ನನ್ನು ಮಗುಚಿ ಹಾಕುತ್ತಿದ್ದಳು. ಬಲ ಹಾಕುವಾಗ ಉಸಿರು ಹಿಡಿಯುವುದು ನನ್ನ ಇನ್ನೊಂದು ಕೆಟ್ಟ ಚಾಳಿ. ಮೇಷ್ಟ್ರು ಗೋಡೆಗೆ ಒರಗಿ ಕೂತಲ್ಲಿಂದಲೇ ಕೂಗುತ್ತಿದ್ದರು: “ಅವಸ್ರ ಯಾತಕ್ಕವ್ವ? ಬಸ್ ಬರಗಂಟ ಕುಂತ್ಕ! ಉಸ್ರು ಬುಡು, ಉಸ್ರು! ಉಸ್ರು ಕಟ್ಟುದ್ರ ಕೈ ಸಾಯ್ತದ.” ಮೂರು ವರ್ಷ ಇದೇ ಮಂತ್ರ.

ಮೈಸೂರಿನಲ್ಲಿ ಒಂದು ಪಂದ್ಯ ಇದೆ ಎಂದಾಯಿತು. ನಾನು ಅರವತ್ತನಾಲ್ಕು ಕೆ.ಜಿ.ಯ ಒಳಗೆ ಇಳಿಯಬೇಕಿತ್ತು, ಇದ್ದದ್ದು ಅರವತ್ತೆಂಟು. ನಮ್ಮ ಶೆಡ್ಡಿನಲ್ಲಿ ಗೂಡು ತೂಗುವ ಕರೆಂಟಿನ ತಕ್ಕಡಿ ಇದೆ. ದಿನಾ ಬೆಳಿಗ್ಗೆ ಗೂಡು ತುಂಬಿದ ಬಿದಿರಿನ ಮಂಕರಿಯನ್ನು ಪಕ್ಕಕ್ಕಿಟ್ಟು ಅದರ ಮೇಲೆ ಹತ್ತಿ ನಿಂತು, ಬಂದ ತೂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ರಾತ್ರಿಯ ಮುದ್ದೆ ಬಿಟ್ಟೆ, ಅರವತ್ತಾರಾಯಿತು. ಆಮೇಲೆ ನಾನೇನೂ ಬಿಡದೆ ತಾನೇ ಇಳಿಯತೊಡಗಿತು. ಅರವತ್ತೈದು, ಅರವತ್ತಮೂರು, ಅರವತ್ತೊಂದು. ಹಸಿವೆಂಬುದೇ ಇಲ್ಲ. ಅಯ್ಯೋ, ಎಂಥ ಖುಷಿ! ಸಂಜೆ ಮೈ ಬೆಚ್ಚಗಾದರೆ ಆಟದ ಕಾವು ಅಂದುಕೊಂಡೆ. ಕೆಮ್ಮು ಬಂದರೆ ಗೂಡಿನ ಹಬೆ. ನೂಲು ತೆಗೆಯುವವರ ಮನೆಯಲ್ಲಿ ಕೆಮ್ಮದವರು ಯಾರು? ಸುಸ್ತಾದರೆ, ತೂಕ ಇಳಿಸುವವರಿಗೆ ಸುಸ್ತಾಗಲೇಬೇಕಲ್ಲ. ಬೇರೆ ಯಾವ ಹೆಂಗಸಾದರೂ ರವಿಕೆ ಸಡಿಲವಾದಾಗ ಗಾಬರಿಯಾಗುತ್ತಿದ್ದಳು. ನಾನು ಕನ್ನಡಿ ಮುಂದೆ ನಿಂತು ಕತ್ತಿನ ಮೂಳೆ ನೋಡಿ ಹಿಗ್ಗುತ್ತಿದ್ದೆ. ಎರಡು ತಿಂಗಳು ನನ್ನ ಕಾಯಿಲೆಗೆ ನಾನೇ ಶಹಬ್ಬಾಸ್ ಹೇಳಿದ್ದೇನೆ.

ಅತ್ತೆಯೊಬ್ಬರೇ ಬಿಡದೆ ಕೇಳುತ್ತಿದ್ದರು. “ಏನವ್ವ ಇದು, ಒಣಗಿದ್ ಕಡ್ಡಿ ಹಂಗಾಗಿದ್ದಿ? ಕೆಮ್ಮು ಬೇರ. ಡಾಕ್ಟ್ರತ್ರ ಓಗ್ಬಾರ್ದಾ?”

“ನಿಮ್ಗ ಅರ್ಥ ಆಗಲ್ಲ ಬುಡಿ ಅತ್ತ. ಇದು ಪಂದ್ಯದ ತೂಕ” ಅಂದೆ. ಎಷ್ಟು ಜಂಬದಿಂದ ಅಂದೆ ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ.

ಪಂದ್ಯಕ್ಕೆ ಎರಡು ವಾರ ಇದ್ದಾಗ ಒಂದು ಸಂಜೆ ನಾನು ಮೇಲೆ, ಸೆಲ್ವಿ ಕೆಳಗೆ. ಬಸ್‌ಸ್ಟ್ಯಾಂಡ್ ಪಟ್ಟು. ಅವಳ ಕಾಲು ಸಿಕ್ಕಿದೆ, ನಾನು ಮುಂದಕ್ಕೆ ಬಾಗಿ ಎದೆಗೆ ಎದೆ ಕೊಡಲು ಹೊರಟೆ. ಅಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಮುಖ ತಿರುಗಿಸಲು ಆಗಲಿಲ್ಲ. ಕೆಮ್ಮಿ ಕಣ್ಣು ಬಿಟ್ಟರೆ ಸೆಲ್ವಿಯ ಬಿಳಿ ಅಂಗಿಯ ಕಾಲರಿನ ಮೇಲೆ ಎರಡು ಕೆಂಪು ಚುಕ್ಕೆ.

“ಅಕ್ಕ, ರಕ್ತ! ನನ್ ಮೊಣಕೈ ಬಡೀತಾ?” ಅವಳು ತಟ್ಟನೆ ಕಾಲು ಸಡಿಲಿಸಿದಳು.

“ಏ, ಇಲ್ಲ ಕಣೆ. ತುಟಿ ಕಚ್ಕೊಂಡಿ” ಅಂದೆ.

ತುಟಿ ಕಚ್ಚಿರಲಿಲ್ಲ. ಬಾಯಿಯ ಉಪ್ಪು ರುಚಿ ಎದೆಯಿಂದ ಬಂದದ್ದೆಂದು ಆ ಕ್ಷಣವೇ ನನಗೆ ಗೊತ್ತಿತ್ತು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದೆ. ಮಲರ್ ಎಂದಿನಂತೆ ಓಡಿಬಂದು ಕೈ ಚಾಚಿತು. ಅವತ್ತು ಎತ್ತಿಕೊಳ್ಳಲಿಲ್ಲ. ಅದಕ್ಕೆ ಹಿಂದಿನ ಅರವತ್ತು ದಿನ ಎತ್ತಿಕೊಂಡಿದ್ದೆ, ಕೆನ್ನೆ ಕೊಟ್ಟಿದ್ದೆ, ಮುತ್ತಿಟ್ಟಿದ್ದೆ.

ಮರುದಿನ ಯಾರಿಗೂ ಹೇಳದೆ ಕಾಮಗೆರೆಯ ಆಸ್ಪತ್ರೆಗೆ ಹೋದೆ. ಕೊಳ್ಳೇಗಾಲದಲ್ಲಾದರೆ ಎಲ್ಲರೂ ಗುರುತಿನವರೇ, ಗೂಡು ಮಾರಲು ಬಂದವರು, ನೂಲು ಕೊಂಡವರು. ಹನೂರು ಬಸ್ಸು ಹತ್ತುವ ಮುಂಚೆ ಒಳಗೆ ಕಂಡಕ್ಟರ್ ಯಾರೆಂದು ಇಣುಕಿ ನೋಡಿದೆ. ಸೆಲ್ವಿಯ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಹತ್ತಿದೆ.

ಆಸ್ಪತ್ರೆಯಲ್ಲಿ ಕಫಕ್ಕೆ ಒಂದು ಡಬ್ಬಿ ಕೊಟ್ಟು ಹೊರಗೆ ಮರದ ಕೆಳಗೆ ಕಳುಹಿಸಿದರು. ಎಕ್ಸ್‌ರೇ ತೆಗೆದರು. ಎರಡು ದಿನ ಬಿಟ್ಟು ಬರಲು ಹೇಳಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಂಗಳವಾರ ಫಿಲ್ಮನ್ನು ಬೆಳಕಿಗೆ ಹಿಡಿದು, ಬಲಗಡೆ ಮೇಲೆ ಮೋಡದ ಹಾಗಿದ್ದ ಜಾಗ ತೋರಿಸಿ, “ಟಿ.ಬಿ. ಇದೆ ಅಮ್ಮ. ವಾಸಿಯಾಗುತ್ತೆ. ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ತಗೋಬೇಕು” ಎಂದರು. ಆಮೇಲೆ, “ನಿಮ್ಮ ಜೊತೆ ತುಂಬಾ ಹತ್ತಿರ ಇರೋರು ಯಾರ್ಯಾರು?” ಎಂದು ಕೇಳಿದರು.

“ಗಂಡ, ಅತ್ತೆ” ಅಂದೆ.

“ಬೇರೆ ಯಾರೂ ಇಲ್ವಾ? ಕೆಲಸದ ಜಾಗದಲ್ಲಿ?”

ದಿನಾ ಒಂದು ಗಂಟೆ ಒಬ್ಬಳ ಮುಖದ ಮೇಲೆ ಉಸಿರಾಡುತ್ತೇನೆ, ಆಮೇಲೆ ಅವಳ ಮಗುವನ್ನು ಎತ್ತಿಕೊಳ್ಳುತ್ತೇನೆ ಎಂದು ಹೇಗೆ ಹೇಳುವುದು? “ಯೋಚ್ನೆ ಮಾಡಿ ಹೇಳ್ತೀನಿ” ಎಂದು ಎದ್ದುಬಂದೆ.

ಮನೆಗೆ ಬಂದು ಸಿದ್ದರಾಜುಗೆ ಹೇಳಿದೆ. ಒಲೆಗೆ ಸೌದೆ ಒಡ್ಡುತ್ತಿದ್ದವರು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಗೋಡೆಯ ಕ್ಯಾಲೆಂಡರನ್ನು ನೋಡಿದರು. “ದಿನಾ ಬರ್ದಿದ್ದಲ್ಲ ನಾಗು. ನಾನೂ ದಿನಾ ನೋಡ್ತಿದ್ದಿ. ಇಬ್ರೂ ಕಣ್ ಬುಟ್ಕಂಡೇ ಕುರುಡ್ರಾಗಿದ್ವಲ್ಲ” ಎಂದರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅತ್ತೆ ಒಳಗೆ ಹೋದರು. ನನ್ನ ತಟ್ಟೆ ಲೋಟ ಬೇರೆ ಮಾಡಲು ಹೋದರು ಎಂದುಕೊಂಡೆ. ತಪ್ಪು ಅನ್ನಿಸಲಿಲ್ಲ. ಆದರೆ ಎದೆಯೊಳಗೆ ಮಾತ್ರ ಚುರುಕ್ ಎಂದಿತು.

ಅತ್ತೆ ಹೊರಬಂದಾಗ ಕೈಯಲ್ಲಿ ನನ್ನ ಹಾಸಿಗೆ ಇತ್ತು. ಗಾಳಿ ಬೆಳಕು ಇರುವ ಮುಂದಿನ ಕೋಣೆ ಅವರದು. ಅಲ್ಲಿ ನನ್ನ ಹಾಸಿಗೆ ಹಾಸಿ, ತಮ್ಮ ಚಾಪೆಯನ್ನು ಹೊರಗೆ ಜಗಲಿಗೆ, ಅದೇ ಕೋಣೆಯ ಕಿಟಕಿಯ ಕೆಳಗೆ ತಂದು ಹಾಕಿಕೊಂಡರು.

“ನಮ್ಮಕ್ಕನ್ಗೂ ಇದೇ ಬಂದಿತ್ತು” ಎಂದರು. ಹದಿನಾಲ್ಕು ವರ್ಷದಲ್ಲಿ ನನಗೆ ಆ ಅಕ್ಕ ಇದ್ದ ಸಂಗತಿಯೇ ಗೊತ್ತಿರಲಿಲ್ಲ. “ಹೊಲದ ಗುಡ್ಲಲ್ಲಿ ಬುಟ್ಟಿದ್ರು. ನಾನು ಸಣ್ಣವಳು. ತಟ್ಟ ದೂರದಲ್ಲಿ ಮಡಗಿ ಓಡ್ಬತ್ತಿದ್ದಿ. ಮಾತಾಡ್ಸೇ ಗೌರೂ ಅಂತ ಕೂಗೋಳು. ನಿಲ್ತಿರ್ನಿಲ್ಲ. ಒಂದಿನ ಓಗಿ ನೋಡುದ್ರ ಹಿಂದಲ ದಿನದ ತಟ್ಟ ಹಂಗೇ ಅದ.” ಸೆರಗಿನಿಂದ ಮೂಗೊರೆಸಿಕೊಂಡು, “ನೀನು ಒಳಗಿರು. ನಾನು ಇಲ್ಲಿರ್ತೀನಿ. ಮಾತಾಡ್ಕಂಡಿರಣ” ಎಂದರು.

ಬಾಯಿ ಜೋರಿನ ಸೊಸೆ ನಾನು ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತೆ. ಕಿಟಕಿಗೆ ಬೆನ್ನು ಹಾಕಿ ಅತ್ತುಬಿಟ್ಟೆ.

ಇಷ್ಟೆಲ್ಲ ಕರುಣೆ ಪಡೆದವಳು ಸೆಲ್ವಿಗೆ ಮಾತ್ರ ಹೇಳಲಿಲ್ಲ. ಬುಧವಾರ ಅವಳ ಫೋನು ಬಂತು, ಎತ್ತಲಿಲ್ಲ. ಗುರುವಾರ ಮಲರ್ ಹುಟ್ಟಿದ ಹಬ್ಬ, ಎರಡು ತುಂಬಿತು. “ಅತ್ತೈ ಎಲ್ಲಿ ಅಂತಾವ್ಳ, ಬನ್ನಿ ಅಕ್ಕ” ಎಂದು ಮೆಸೇಜು. “ಸಣ್ಣ ಜ್ವರ” ಎಂದು ಉತ್ತರ ಹಾಕಿದೆ. ಕಾಯಿಲೆಯ ಭಯಕ್ಕಿಂತ ಆ ಮನೆಯ ಬಾಗಿಲು ಮುಚ್ಚಿಹೋಗುವ ಭಯ ದೊಡ್ಡದಾಗಿತ್ತು. ಹೆದರಿಕೆ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ, ಅದು ಸ್ವಾರ್ಥ. ಮಗುವಿಗೆ ಕೆಮ್ಮು ಇದೆಯಂತೆ ಎಂದು ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಫೋನಿನಲ್ಲಿ ಯಾವುದೋ ಮಾತಿಗೆ ಹೇಳಿದರು. ನಾನು ಮಾಸ್ಕ್ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ.

ಹನೂರು ಬಸ್ಸು ಹೊರಡಲು ನಿಂತಿತ್ತು. ಸೆಲ್ವಿ ಖಾಕಿಯಲ್ಲಿ, ಟಿಕೆಟ್ ಮಿಷನ್ನು ಕೊರಳಿಗೆ ಹಾಕಿಕೊಂಡು ಕೆಳಗೆ ನಿಂತು ಜನ ಕೂಗುತ್ತಿದ್ದಳು. ನಾನು ಹತ್ತು ಹೆಜ್ಜೆ ದೂರದಲ್ಲೇ ನಿಂತೆ. ಅವಳು ಹತ್ತಿರ ಬರಲು ಹೊರಟಾಗ ಕೈ ಎತ್ತಿ ತಡೆದೆ. ಅಷ್ಟು ದೂರದಿಂದ ಹೇಳಬೇಕೆಂದರೆ ಗಟ್ಟಿಯಾಗಿಯೇ ಹೇಳಬೇಕು. ಹೇಳಿದೆ. ಹನೂರಿಗೆ ಹೊರಟವರೆಲ್ಲ ಕೇಳಿಸಿಕೊಂಡರು.

ಸೆಲ್ವಿ ಜನ ಕೂಗುವುದನ್ನು ನಿಲ್ಲಿಸಿದಳು. “ಯಾವತ್ ಗೊತ್ತಾಯ್ತು?”

“ಮಂಗಳವಾರ.”

“ಇವತ್ತು?”

“ಶುಕ್ರವಾರ.”

“ಅವತ್ತು ತುಟಿ ಅಂದ್ರಿ.”

“ಹೂಂ.”

“ನಾನು ಯಾರಕ್ಕ ನಿಮ್ಗ?” ಅಂದಳು. ಧ್ವನಿ ಏರಿಸಲಿಲ್ಲ. “ಎಲ್ಡ್ ವರ್ಸದ ಕೂಸು ಅದ ಮನೇಲಿ.” ಬಸ್ಸು ಹತ್ತಿ ಸೀಟಿ ಊದಿದಳು. ಬಸ್ಸು ಹೋಯಿತು.

ಮರುದಿನ ಕಾಮಗೆರೆಯ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ನಾವೆಲ್ಲ ಪರೀಕ್ಷೆಗೆ ಕಾಯುತ್ತಿದ್ದೆವು. ಆ ಕೊನೆಯಲ್ಲಿ ಸೆಲ್ವಿ ಮತ್ತು ಮಲರ್, ನಡುವೆ ಸಿದ್ದರಾಜು, ಅತ್ತೆ, ಮೇಷ್ಟ್ರು, ಈ ಕೊನೆಯಲ್ಲಿ ಬಾಗಿಲ ಹೊರಗೆ ನಾನು. ಕಾಯುವುದಕ್ಕೆ ಒಂದು ವಾಸನೆ ಇದೆ, ಫಿನಾಯಿಲು ಮತ್ತು ಯಾರದೋ ಡಬ್ಬಿಯ ಚಿತ್ರಾನ್ನ ಸೇರಿದ ವಾಸನೆ. ಮಲರ್ ನನ್ನನ್ನು ಕಂಡುಬಿಟ್ಟಿತು. “ಅತ್ತೈ!” ಎಂದು ಕೂಗಿ ತಾಯಿಯ ಕೈ ಬಿಡಿಸಿಕೊಂಡು ಓಡಿಬಂತು. ನಾನು ಎದ್ದು ಅಂಗಳಕ್ಕೆ ಓಡಿದೆ. ಆಟವೆಂದುಕೊಂಡು ನಗುತ್ತ ಹಿಂದೆಯೇ ಬಂತು. ನಾನು ಮತ್ತೂ ದೂರ ಓಡಿದೆ. ಆಗ ನಿಂತು ಅಳತೊಡಗಿತು. ಸೆಲ್ವಿ ಬಂದು ಎತ್ತಿಕೊಂಡು ಹೋದಳು, ನನ್ನ ಕಡೆ ತಿರುಗಿ ನೋಡಲಿಲ್ಲ. ಈ ಕಾಯಿಲೆಯಲ್ಲಿ ನನಗೆ ನೋವಾದ ದಿನ ಯಾವುದೆಂದು ಯಾರಾದರೂ ಕೇಳಿದರೆ, ಸೂಜಿಯೂ ಅಲ್ಲ ರಕ್ತವೂ ಅಲ್ಲ, ಇದನ್ನೇ ಹೇಳುತ್ತೇನೆ.

ಮೂರು ದಿನಕ್ಕೆ ಎಲ್ಲರದೂ ಗೊತ್ತಾಯಿತು. ದೊಡ್ಡವರು ಯಾರಿಗೂ ಇಲ್ಲ. ಮಗುವಿನ ಕೆಮ್ಮು ಬರೀ ನೆಗಡಿ, ಅದಕ್ಕೂ ರೋಗ ಬಂದಿಲ್ಲ. ಆದರೆ ತೀರ ಚಿಕ್ಕದು, ನನ್ನ ಹತ್ತಿರ ಅಷ್ಟೊಂದು ಇದ್ದದ್ದು, ಬರದಂತೆ ತಡೆಯಲು ಆರು ತಿಂಗಳು ದಿನಾ ಮಾತ್ರೆ ಕೊಡಲೇಬೇಕು ಎಂದರು. “ಮಾದಪ್ಪ, ನಿಂಗ ಶರಣು” ಎಂದು ಅತ್ತೆ ಆಸ್ಪತ್ರೆಯ ಗೋಡೆಗೇ ಕೈಮುಗಿದರು. ನಾನೂ ಮುಗಿದೆ. ಆದರೆ ಏನೂ ತಪ್ಪು ಮಾಡದ ಕೂಸು ನನ್ನಿಂದಾಗಿ ಮಾತ್ರೆ ನುಂಗಬೇಕಾಯಿತಲ್ಲ.

ನನ್ನ ಮಾತ್ರೆ ಅಷ್ಟರಲ್ಲಿ ಶುರುವಾಗಿತ್ತು. ಮೊದಲ ದಿನ ಮೂತ್ರ ಕೇಸರಿ ಬಣ್ಣದಲ್ಲಿ ಹೋದದ್ದು ನೋಡಿ ಬಚ್ಚಲಲ್ಲೇ ಕಿರುಚಿದೆ. ಹಾಗಾಗುತ್ತದೆ ಎಂದು ನರ್ಸ್ ಹೇಳಿದ್ದು ಪೂರ್ತಿ ಮರೆತಿದ್ದೆ. ವಾಕರಿಕೆ, ಕೀಲುನೋವು, ಬಾಯಿಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಮೊಟ್ಟೆ ತಿನ್ನಬೇಕು ಎಂದರು. ನಮ್ಮದು ಮೊಟ್ಟೆ ಮುಟ್ಟದ ಮನೆ. ಸಿದ್ದರಾಜು ಹಿಂದಿನ ಶೆಡ್ಡಿನಲ್ಲಿ ಗೂಡಿನ ಒಲೆಯ ಮೇಲೆ ಬೇರೆ ಪಾತ್ರೆ ಇಟ್ಟು ಕದ್ದು ಬೇಯಿಸಿ, ಟವೆಲ್ಲಿನಲ್ಲಿ ಸುತ್ತಿ ತರುತ್ತಿದ್ದರು. ಎರಡನೇ ವಾರ ಜಗಲಿಯಿಂದ ಅತ್ತೆಯ ಧ್ವನಿ ಬಂತು.

“ಲೇ ಸಿದ್ದ, ನಲವತ್ತು ವರ್ಸ ಗೂಡಿನ ವಾಸ್ನ ಕುಡ್ದಿವ್ನಿ. ಇದು ಗೂಡಲ್ಲ ಕಣ್ಲಾ.”

ನಾನೂ ಸಿದ್ದರಾಜೂ ಕಳ್ಳರ ಹಾಗೆ ಮುಖ ಮುಖ ನೋಡಿಕೊಂಡೆವು.

“ದಿನಾ ಮಂಕ್ರಿ ಮಂಕ್ರಿ ಹುಳ ಬೇಯ್ಸೋ ಮನ ಇದು. ಒಂದ್ ಮೊಟ್ಟಗ ಯಾಕ್ಲಾ ಅಂಜೀಯೆ? ಉಪ್ಪಾಕಿ ಕೊಡು, ಸಪ್ಪ ತಿಂದಾಳ ಅವಳು?” ಎಂದರು. ಅವತ್ತು ಎಷ್ಟೋ ದಿನಗಳ ನಂತರ ಮೊದಲ ಬಾರಿಗೆ ನಕ್ಕೆ, ನಕ್ಕು ಕೆಮ್ಮಿದೆ.

ಸೆಲ್ವಿಯಿಂದ ಸುದ್ದಿ ಇರಲಿಲ್ಲ. ಮೂರನೇ ವಾರ ಒಂದು ಬೆಳಿಗ್ಗೆ ಏಳಕ್ಕೆ ಅವಳ ವಿಡಿಯೋ ಕಾಲ್ ಬಂತು. ಪರದೆಯಲ್ಲಿ ಮಲರ್ ಒಬ್ಬಳೇ, ಮುಖವೆಲ್ಲ ಕಣ್ಣೀರು. ಸೆಲ್ವಿಯ ಕೈ ಮಾತ್ರ ಕಾಣುತ್ತಿತ್ತು, ಚಮಚ ಹಿಡಿದ ಕೈ.

“ನಾನು ಮಾತಾಡಕ್ಕ ಮಾಡಿಲ್ಲ” ಎಂದಿತು ಅವಳ ಧ್ವನಿ. “ಕೂಸು ಮಾತ್ರೆ ಉಗೀತದ. ಡ್ಯೂಟಿಗ ಹೊತ್ತಾಯ್ತದ. ನಿಮ್ ಮಾತ್ರೆ ನುಂಗದ್ನ ಇದ್ಕ ತೋರ್ಸಿ.”

ನಾನು ಮಾತ್ರೆ ಹಿಡಿದು ತೋರಿಸಿ, ಬಾಯಿಗೆ ಹಾಕಿ, ನೀರು ಕುಡಿದು, ಬಾಯಿ ಕಳೆದು ತೋರಿಸಿದೆ. ಮಲರ್ ಅಳು ನಿಲ್ಲಿಸಿ ನೋಡಿತು. ಚಮಚ ಅದರ ಬಾಯಿಗೆ ಹೋಯಿತು. ಮುಖ ಕಿವುಚಿ ನುಂಗಿತು. ಫೋನು ಕಟ್ಟಾಯಿತು.

ಮರುದಿನ ಏಳಕ್ಕೆ ಮತ್ತೆ. ಅದರ ಮರುದಿನವೂ. ಸೆಲ್ವಿ ಒಂದು ದಿನವೂ ಮುಖ ತೋರಿಸಲಿಲ್ಲ, ಹೇಗಿದ್ದೀರಿ ಎನ್ನಲಿಲ್ಲ. ನಾನೂ ಕೇಳುವ ಧೈರ್ಯ ಮಾಡಲಿಲ್ಲ. ಮಗುವಿಗೆ ಮಾತ್ರ ಅದೊಂದು ಆಟವಾಗಿಬಿಟ್ಟಿತು. ನಾನು ನುಂಗಿದ ಮೇಲೆ “ಆ ಕಾಟ್ಟು!” ಎಂದು ತಮಿಳಿನಲ್ಲಿ ಗದರುತ್ತಿತ್ತು. ಬಾಯಿ ತೆಗೆದು ತೋರಿಸು ಎಂದು. ನಾಲಿಗೆಯ ಕೆಳಗೂ ನೋಡಿ ಖಾತರಿಯಾದ ಮೇಲೆಯೇ ತನ್ನ ಚಮಚಕ್ಕೆ ಬಾಯಿ ಕೊಡುತ್ತಿತ್ತು.

ಮೂರನೇ ತಿಂಗಳ ಹೊತ್ತಿಗೆ ಕೆಮ್ಮು ನಿಂತಿತು. ಹಬ್ಬಕ್ಕೆ ಬಂದ ನೆಂಟರ ಹಾಗೆ ಹಸಿವು ಮನೆಯೆಲ್ಲ ತುಂಬಿಕೊಂಡಿತು. ತಕ್ಕಡಿಯಲ್ಲಿ ಅರವತ್ತಮೂರು. ಮಾತ್ರೆಯಿಂದಾಗಿ ಕೀಲುಗಳು ಮಾತ್ರ ಹಿಂಸೆ ಕೊಡುತ್ತಿದ್ದವು. ಒಂದು ಬೆಳಿಗ್ಗೆ ಎದ್ದಾಗ, ಸಾಕು ಅನ್ನಿಸಿತು. ವಾಸಿಯಾಗಿದೆಯಲ್ಲ, ಇನ್ನು ಯಾಕೆ? ಒಂದು ವಾರ ಬಿಟ್ಟು ನೋಡೋಣ, ಕೀಲು ಸಡಿಲವಾದರೆ ಮ್ಯಾಟಿಗೆ ಹೋಗೋಣ. ಮಾತ್ರೆಯ ಪಟ್ಟಿಯನ್ನು ಗೂಡಿನ ಮಂಕರಿಯ ಹಿಂದೆ ತಳ್ಳಿದೆ. ಯಾರಿಗೂ ಹೇಳಲಿಲ್ಲ. ಹೇಳದಿರುವುದು ನನಗೆ ಅಭ್ಯಾಸವಾಗಿತ್ತಲ್ಲ.

ಏಳಕ್ಕೆ ಫೋನು ಬಡಿದುಕೊಂಡಿತು. ಮಲರ್ ಎರಡು ಜಡೆ ಹಾಕಿಕೊಂಡು ಕಾಯುತ್ತಿತ್ತು. ಖಾಲಿ ಕೈಯನ್ನು ಬಾಯಿಗೆ ಒಯ್ದು ನೀರು ಕುಡಿದೆ. ಮಗು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂತು.

“ಇಲ್ಲೈ” ಎಂದಿತು. “ಅತ್ತೈ, ಮಾತ್ತಿರೈ ಇಲ್ಲೈ. ಆ ಕಾಟ್ಟು!”

ಚಮಚ ಹಿಡಿದಿದ್ದ ಕೈ ಅಲ್ಲಾಡದೆ ನಿಂತಿತು. ನನಗೆ ಸೆಲ್ವಿಯ “ತುಟಿ ಅಂದ್ರಿ” ಎಂಬ ಮಾತೇ ಕೇಳಿಸಿತು. ನಾನು ಫೋನು ಹಿಡಿದುಕೊಂಡೇ ಶೆಡ್ಡಿಗೆ ಓಡಿದೆ, ಮಂಕರಿ ಎಳೆದೆ, ಗೂಡು ನೆಲಕ್ಕೆಲ್ಲ ಚೆಲ್ಲಿತು, ಪಟ್ಟಿ ಹುಡುಕಿ ಬಿಡಿಸಿ ಮಗುವಿನ ಕಣ್ಣೆದುರೇ ನುಂಗಿದೆ. ಆ ತೋರಿಸಿದೆ. ಅದೂ ನುಂಗಿತು.

ಸಂಜೆ ಮೇಷ್ಟ್ರು ಬಂದು ಜಗಲಿಯಲ್ಲಿ ಕೂತಾಗ ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ. “ಪಟ್ಟು ಸಿಕ್ಕುದ್ಮೇಲೇ ಕಣವ್ವ ಜನ ಸೋಲದು” ಎಂದರು. “ಮೇಲ್ ಕುಂತಿವ್ನಿ, ಗೆದ್ದಿವ್ನಿ ಅನ್ಕಂಡು ಎದ್ಬುಡ್ತಾರ. ನೀ ಬಸ್‌ಸ್ಟ್ಯಾಂಡಲ್ಲಿದ್ದೀಯ. ಬಸ್ ಬರಗಂಟ ಕುಂತ್ಕ.” ಮೂರು ವರ್ಷ ಮ್ಯಾಟಿನ ಮೇಲೆ ತಲೆಗೆ ಹೋಗದಿದ್ದದ್ದು ಅವತ್ತು ಜಗಲಿಯ ಮೇಲೆ ಹೋಯಿತು. ಕೂತೆ. ಮಿಕ್ಕ ತಿಂಗಳುಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ದಿನಾ ಏಳು ಗಂಟೆ, ಒಂದು ಪುಟ್ಟ ಮುಖ, ಒಂದು ಕೈ.

ಆರು ತಿಂಗಳು ಮುಗಿದು ಕೊನೆಯ ಪರೀಕ್ಷೆಯೂ ಆಗಿ ಚೀಟಿ ಸಿಕ್ಕಿತು. ಆ ಚೀಟಿ ಮಡಚಿ ಜೇಬಿನಲ್ಲಿಟ್ಟುಕೊಂಡು ಮೇಷ್ಟ್ರ ಶೆಡ್ಡಿಗೆ ಹೋದೆ, ಯಾರಾದರೂ ಕೇಳಿದರೆ ತೋರಿಸಬೇಕೆಂದು. ಯಾರೂ ಕೇಳಲಿಲ್ಲ. ಸೆಲ್ವಿ ಮೂಲೆಯಲ್ಲಿ ಬೆಲ್ಟು ಕಟ್ಟಿಕೊಳ್ಳುತ್ತಿದ್ದಳು. ಮಲರ್ ಓಡಿಬಂದು ನನ್ನ ಮುಂದೆ ನಿಂತು ಅನುಮಾನದಿಂದ ನೋಡಿತು. ಫೋನಿನ ಅತ್ತೈ ಕೈಕಾಲು ಸಮೇತ ಬಂದದ್ದು ಅದಕ್ಕೆ ಆಶ್ಚರ್ಯವಾಗಿರಬೇಕು. ಎತ್ತಿಕೊಳ್ಳಲೋ ಬೇಡವೋ ಎಂದು ನಾನು ಸೆಲ್ವಿಯನ್ನು ನೋಡಿದೆ. ಅವಳು ಮ್ಯಾಟಿನ ನಡುವೆ ಹೋಗಿ ಅಂಗಾತ ಮಲಗಿ ಕಾಲು ಒಡ್ಡಿದಳು.

“ಬನ್ನಿ” ಅಂದಳು.

ನಾನು ಹೋಗಿ ಮೊಣಕಾಲೂರಿದೆ. ಅವಳ ಒಂದು ಕಾಲು ನನ್ನ ಕಾಲುಗಳ ಸಂದಿಗೆ ಬಂತು, ಇನ್ನೊಂದು ಮೊಣಕಾಲಿನ ಮೇಲೆ ಕೈ ಇಟ್ಟೆ. ಅದೇ ಬಿಳಿ ಅಂಗಿ. ಕಾಲರಿನ ಮೇಲೆ ಎರಡು ಚುಕ್ಕೆ ಒಗೆದೊಗೆದು ಕಂದು ಬಣ್ಣಕ್ಕೆ ತಿರುಗಿದ್ದವು. ದಾಟುವ ಅವಸರ ನನಗಿರಲಿಲ್ಲ. ಬಾಗಿದೆ, ಎದೆಗೆ ಎದೆ ತಾಗಿತು. ಮುಖವನ್ನು ಆದಷ್ಟು ಆಚೆ ತಿರುಗಿಸಿಕೊಂಡೆ. ಚೀಟಿ ಜೇಬಿನಲ್ಲಿತ್ತು, ಏನೂ ಇಲ್ಲ ಎಂದು ಅದರಲ್ಲಿ ಬರೆದಿತ್ತು, ಆದರೂ ಮುಖ ತಿರುಗಿಸಿಕೊಂಡೆ. ಕಣ್ಣಿಗೆ ಕತ್ತಲೆ ಕವಿಯತೊಡಗಿತು. ಮೇಷ್ಟ್ರು ಗೋಡೆಯ ಬಳಿ ಸುಮ್ಮನೆ ಕೂತಿದ್ದರು, ಅವತ್ತು ಕೂಗಲಿಲ್ಲ.

ಸೆಲ್ವಿ ಕೈ ಎತ್ತಿ ನನ್ನ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಆರು ತಿಂಗಳ ಮೇಲೆ ಅವಳ ಮುಖ ನೋಡಿದೆ. ಅವಳ ಕಣ್ಣೂ ತುಂಬಿತ್ತು.

“ಉಸ್ರು ಬುಡಿ ಅಕ್ಕ” ಅಂದಳು.

ಬಿಟ್ಟೆ.